15 ಅಶ್ವಶಕ್ತಿ ಎಲ್ಲಿಂದ ಬರಬೇಕು?

ಪ್ರಶ್ನೆ: ನಮಸ್ಕಾರ ಸರ್. ನನ್ನದು ಐದು ವರ್ಷ ಹಳೆಯ, 1.2 ಲೀಟರ್ ಪೆಟ್ರೋಲ್ ಎಂಜಿನ್ನಿನ ಸಣ್ಣ ಕಾರು. ಟರ್ಬೊ ಇಲ್ಲ. 60,000 ಕಿ.ಮೀ. ಓಡಿದೆ. ಕಂಪನಿ ಹೇಳುವ ಲೆಕ್ಕದಲ್ಲಿ 82 ಅಶ್ವಶಕ್ತಿ. ಮನೆಯವರೆಲ್ಲ ಕೂತು, ಎಸಿ ಹಾಕಿಕೊಂಡು, ಹೆದ್ದಾರಿಯಲ್ಲಿ ಐದನೇ ಗೇರ್‌ನಲ್ಲಿ 80ರ ವೇಗದಲ್ಲಿ ಹೋಗುವಾಗ ಲಾರಿಯೊಂದನ್ನು ಹಿಂದಿಕ್ಕಲು ಆಕ್ಸಿಲರೇಟರ್ ತುಳಿದರೆ ಕಾರು ಏಳುವುದೇ ಇಲ್ಲ. ಏರ್ ಫಿಲ್ಟರ್ ಮತ್ತು ಎಕ್ಸಾಸ್ಟ್ ಬದಲಿಸಿ, ಎಂಜಿನ್ನಿನ ಕಂಪ್ಯೂಟರನ್ನು ರೀಮ್ಯಾಪ್ ಮಾಡಿದರೆ (ಅದರ ಸಾಫ್ಟ್‌ವೇರ್ ತಿದ್ದಿದರೆ) 15 ಅಶ್ವಶಕ್ತಿ ಹೆಚ್ಚುತ್ತದೆ ಎಂದು ಟ್ಯೂನಿಂಗ್ ಮಾಡುವವರೊಬ್ಬರು ಹೇಳುತ್ತಾರೆ. ಖರ್ಚು ಕಾರಿನ ಈಗಿನ ಬೆಲೆಯ ಐದನೇ ಒಂದು ಭಾಗ. ತೆಗೆದ ಹಳೆಯ ಭಾಗಗಳನ್ನು ಅವರಿಗೇ ಬಿಟ್ಟರೆ ರಿಯಾಯಿತಿ ಇದೆಯಂತೆ. ಟೈರ್‌ಗಳು ಕಾರಿನ ಜೊತೆ ಬಂದವೇ. ಈ ಹಣ ಹಾಕಬಹುದೇ?

ಉತ್ತರ: ನಿಮ್ಮ ಕಾರಿಗೆ, ನೀವು ಹೇಳಿದ ಕಾರಣಕ್ಕೆ, ಈ ಮೂರು ಕೆಲಸಗಳಿಗೆ ಅಷ್ಟು ಹಣ ಹಾಕಬೇಡಿ. ಯಾಕೆ ಎಂಬುದನ್ನು ವಿವರವಾಗಿಯೇ ಬರೆಯುತ್ತೇನೆ. ನಾಳೆ ಬೇರೊಂದು ಕಾರು ಕೊಂಡಾಗ, ಬೇರೊಬ್ಬರು ಬೇರೊಂದು ಭಾಗ ತೋರಿಸಿದಾಗ, ಲೆಕ್ಕ ಹಾಕುವ ದಾರಿ ನಿಮ್ಮ ಕೈಯಲ್ಲಿರಬೇಕು.

ಮೊದಲು ನಿಮ್ಮ ಕಷ್ಟವನ್ನೇ ತೆಗೆದುಕೊಳ್ಳೋಣ. ಐದನೇ ಗೇರ್‌ನಲ್ಲಿ 80ರ ವೇಗ ಎಂದರೆ ಇಂಥ ಕಾರಿನ ಎಂಜಿನ್ ನಿಮಿಷಕ್ಕೆ ಸುಮಾರು 2,400 ಸುತ್ತು ತಿರುಗುತ್ತಿರುತ್ತದೆ. ಅಲ್ಲಿ ಅದು ಕೊಡುವ ಟಾರ್ಕ್, ಅಂದರೆ ತಿರುಗಿಸುವ ಬಲ, ಸುಮಾರು 100 ನ್ಯೂಟನ್ ಮೀಟರ್. ಟಾರ್ಕನ್ನು ಸುತ್ತುಗಳಿಂದ ಗುಣಿಸಿ 9,549ರಿಂದ ಭಾಗಿಸಿದರೆ ಕಿಲೋವ್ಯಾಟ್ ಲೆಕ್ಕದಲ್ಲಿ ಶಕ್ತಿ ಸಿಗುತ್ತದೆ: 25 ಕಿಲೋವ್ಯಾಟ್, ಅಂದರೆ 34 ಅಶ್ವಶಕ್ತಿ. ನಿಮ್ಮ 82 ಅಶ್ವಶಕ್ತಿ ಸಿಗುವುದು 6,000 ಸುತ್ತಿನ ಆಸುಪಾಸಿನಲ್ಲಿ ಮಾತ್ರ. ನೀವು ಲಾರಿಯ ಹಿಂದೆ ಕಾಲೊತ್ತುವಾಗ ಅದರ ಅರ್ಧಕ್ಕಿಂತ ಕಡಿಮೆ ಶಕ್ತಿ ನಿಮ್ಮ ಬಳಿ ಇರುತ್ತದೆ. ಈಗ ಅದೇ ವೇಗದಲ್ಲಿ ಮೂರನೇ ಗೇರ್‌ಗೆ ಇಳಿಸಿ. ಸುತ್ತು 4,100ರ ಹತ್ತಿರ ಏರುತ್ತದೆ, ಟಾರ್ಕ್ 110ರಷ್ಟಾಗುತ್ತದೆ, ಶಕ್ತಿ 63 ಅಶ್ವಶಕ್ತಿಗೆ ನೆಗೆಯುತ್ತದೆ. ಸುಮಾರು 30 ಅಶ್ವಶಕ್ತಿ, ಒಂದು ಪೈಸೆ ಖರ್ಚಿಲ್ಲದೆ. ನಿಮ್ಮ ಕಾರಿನ ನಿಖರ ಅಂಕಿಗಳು ಸ್ವಲ್ಪ ಆಚೀಚೆ ಇರಬಹುದು. ಆದರೆ ಟ್ಯೂನಿಂಗಿನವರು ಮಾರುತ್ತಿರುವ 15ಕ್ಕಿಂತ ದೊಡ್ಡ ಮೊತ್ತ ನಿಮ್ಮ ಗೇರ್ ಹಿಡಿಯಲ್ಲಿ ಈಗಾಗಲೇ ಇದೆ.

ಮೂರನೇ ಗೇರ್‌ನಲ್ಲಿ ಎಂಜಿನ್ ಕೂಗುವುದನ್ನು ಕೇಳಿ ಅನೇಕರು ಹೆದರುತ್ತಾರೆ. ಬಿಸಿಯಾದ, ಆಯಿಲ್ ಸರಿಯಾಗಿರುವ ಎಂಜಿನ್ನಿಗೆ ಸುತ್ತು ತೋರಿಸುವ ಮೀಟರಿನ ಕೆಂಪು ಗೆರೆಯ ಒಳಗಿನ ಸುತ್ತುಗಳಿಂದ ಹಾನಿಯಿಲ್ಲ. ಆ ಸುತ್ತುಗಳಿಗಾಗಿಯೇ ಅದನ್ನು ಕಟ್ಟಿರುತ್ತಾರೆ. ಎಸಿಯ ಮಾತೂ ಅಷ್ಟೇ. ಕಂಪ್ರೆಸರ್ ಸಣ್ಣ ಕಾರಿನಿಂದ ಮೂರರಿಂದ ಐದು ಅಶ್ವಶಕ್ತಿಯನ್ನು ಎಳೆದುಕೊಳ್ಳುತ್ತದೆ. ಅನೇಕ ಕಾರುಗಳಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿದಾಗ ಎಂಜಿನ್ನಿನ ಕಂಪ್ಯೂಟರೇ ಅದನ್ನು ಕ್ಷಣಕಾಲ ನಿಲ್ಲಿಸುತ್ತದೆ. ನಿಮ್ಮದರಲ್ಲಿ ಹಾಗಿಲ್ಲದಿದ್ದರೆ, ದೀರ್ಘ ಏರಿನಲ್ಲಿ ಗುಂಡಿ ಒತ್ತಿ ನೀವೇ ಆರಿಸಬಹುದು.

ಇನ್ನು ಆ 15ರ ವಿಷಯ. ಎಂಜಿನ್ ಎಂಬುದು ಮೂಲತಃ ಗಾಳಿ ನುಂಗುವ ಯಂತ್ರ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು 14.7 ಗ್ರಾಂ ಗಾಳಿ ಬೇಕು. ಹೆಚ್ಚು ಶಕ್ತಿ ಬೇಕೆಂದರೆ ಹೆಚ್ಚು ಪೆಟ್ರೋಲ್ ಉರಿಯಬೇಕು, ಹೆಚ್ಚು ಪೆಟ್ರೋಲ್ ಉರಿಯಬೇಕೆಂದರೆ ಹೆಚ್ಚು ಗಾಳಿ ಒಳಗೆ ಹೋಗಬೇಕು. ಟರ್ಬೊ ಇಲ್ಲದ ನಿಮ್ಮ ಎಂಜಿನ್ನಿಗೆ ಗಾಳಿಯನ್ನು ತಳ್ಳುವವರು ಯಾರೂ ಇಲ್ಲ. ಹೊರಗಿನ ವಾತಾವರಣದ ಒತ್ತಡವೇ, ಸಮುದ್ರಮಟ್ಟದಲ್ಲಿ ಸುಮಾರು 101 ಕಿಲೋಪಾಸ್ಕಲ್, ಅದನ್ನು ಒಳಗೆ ನೂಕಬೇಕು. ಎರಡು ಸುತ್ತಿಗೆ ಒಮ್ಮೆ ಹೆಚ್ಚೆಂದರೆ 1.2 ಲೀಟರ್ ಗಾಳಿ. ಕಾರ್ಖಾನೆಯಿಂದ ಬಂದ ಕಾಗದದ ಫಿಲ್ಟರ್ ಚೊಕ್ಕಟವಾಗಿದ್ದರೆ ಆ ಒತ್ತಡದಲ್ಲಿ ನೂರಕ್ಕೆ ಒಂದೆರಡು ಪಾಲನ್ನಷ್ಟೇ ತಡೆಯುತ್ತದೆ. ಫಿಲ್ಟರನ್ನು ಕಿತ್ತು ಎಸೆದರೂ ಗಳಿಸುವುದು ಅಷ್ಟೇ ಎಂದಮೇಲೆ, ದುಬಾರಿ ಫಿಲ್ಟರ್ ಎಷ್ಟು ಕೊಟ್ಟೀತು? 1,000 ಮೀಟರ್ ಎತ್ತರದ ಊರಿಗೆ ಹೋದರೆ ಗಾಳಿ ತೆಳುವಾಗಿ ಇಂಥ ಎಂಜಿನ್ ತನ್ನ ಶಕ್ತಿಯ ಸುಮಾರು ಹತ್ತನೇ ಒಂದು ಭಾಗವನ್ನು ಕಳೆದುಕೊಳ್ಳುತ್ತದೆ. ಅದನ್ನು ಯಾವ ಫಿಲ್ಟರೂ ಮರಳಿ ತರಲಾರದು.

ಬಾನೆಟ್ ತೆಗೆದಾಗ ಎದ್ದು ಕಾಣುವ, ಶಂಕುವಿನಾಕಾರದ ಬಿಚ್ಚು ಫಿಲ್ಟರ್‌ಗಳಲ್ಲಿ ಇನ್ನೂ ಒಂದು ತೊಂದರೆಯಿದೆ. ವಾಹನದಟ್ಟಣೆಯಲ್ಲಿ ಇಪ್ಪತ್ತು ನಿಮಿಷ ತೆವಳಿ ಬಂದ ಅಂಥ ಒಂದು ಕಾರಿಗೆ ನಾನು ಸ್ಕ್ಯಾನರ್ ಸಿಕ್ಕಿಸಿ ನೋಡಿದೆ. ಹೊರಗೆ 30 ಡಿಗ್ರಿ, ಎಂಜಿನ್ ಒಳಗೆಳೆಯುತ್ತಿದ್ದ ಗಾಳಿ 58 ಡಿಗ್ರಿ. ಇಂಟೇಕ್ ಕೊಳವೆಯ ಮೇಲೆ ಅಂಗೈ ಇಟ್ಟರೆ ಸುಡುತ್ತಿತ್ತು. ಗಾಳಿ ಬಿಸಿಯಾದಷ್ಟೂ ಹಗುರವಾಗುತ್ತದೆ. ಆ 28 ಡಿಗ್ರಿ ವ್ಯತ್ಯಾಸಕ್ಕೆ ಗಾಳಿಯ ಸಾಂದ್ರತೆ ನೂರಕ್ಕೆ ಎಂಟರಷ್ಟು ಇಳಿಯುತ್ತದೆ. ಕಾರು ವೇಗ ಹಿಡಿದ ಮೇಲೆ ಪರಿಸ್ಥಿತಿ ಸುಧಾರಿಸುತ್ತದೆ, ನಿಜ. ಆದರೆ ಕಾರ್ಖಾನೆಯವರು ಕೊಟ್ಟ ಆ ಕಪ್ಪು ಪ್ಲಾಸ್ಟಿಕ್ ಡಬ್ಬಿ ಮತ್ತು ಅದರ ಮೂತಿಯಂಥ ಕೊಳವೆ ಮುಂದಿನ ಜಾಲರಿಯ ಹಿಂದಿನಿಂದ ತಣ್ಣನೆಯ ಗಾಳಿಯನ್ನು ತರುವುದಕ್ಕೆಂದೇ ಇರುತ್ತವೆ. ಅಂದವಿಲ್ಲವೆಂದು ಕಿತ್ತುಹಾಕುವ ಆ ಡಬ್ಬಿಯ ಹಿಂದೆ ಎಂಜಿನಿಯರುಗಳ ಬಹಳ ದಿನಗಳ ದುಡಿಮೆಯಿದೆ.

ಎಕ್ಸಾಸ್ಟ್ ಬಗ್ಗೆ ಹೇಳುವುದಾದರೆ, ಹಿಂದಿನ ಸೈಲೆನ್ಸರ್ ಮಾತ್ರ ಬದಲಿಸಿದರೆ ನಿಮ್ಮಂಥ ಎಂಜಿನ್ನಿನಲ್ಲಿ ಒಂದೆರಡು ಅಶ್ವಶಕ್ತಿ ಸಿಕ್ಕರೆ ಹೆಚ್ಚು. ಆದರೆ ಶಬ್ದ ಬದಲಾಗುತ್ತದೆ, ಆ ಶಬ್ದ ಮನಸ್ಸಿನ ಮೇಲೆ ಮಾಡುವ ಕೆಲಸ ದೊಡ್ಡದು. ನಾನು ಹಲವು ವರ್ಷ ಡೈನೊ ಯಂತ್ರದ ಮೇಲೆ ಕಾರುಗಳ ಶಕ್ತಿ ಅಳೆದಿದ್ದೇನೆ. ಒಬ್ಬ ಯುವಕ ಹೊಸ ಎಕ್ಸಾಸ್ಟ್ ಹಾಕಿಸಿಕೊಂಡು ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದು, ಪಿಕಪ್ ಎಷ್ಟು ಬದಲಾಗಿದೆ ನೋಡಿ ಎಂದು ಕಣ್ಣರಳಿಸಿ ಹೇಳಿದ್ದ. ಮೊದಲಿನ ಮತ್ತು ಆಮೇಲಿನ ಶಕ್ತಿಯ ಗೆರೆಗಳನ್ನು ಒಂದೇ ಹಾಳೆಯ ಮೇಲೆ ಅಚ್ಚು ಹಾಕಿ ಅವನ ಮುಂದೆ ಇಟ್ಟೆ. ಒಂದರ ಮೇಲೊಂದು ಕೂತಿದ್ದವು. ಅವನು ಸುಳ್ಳು ಹೇಳಿರಲಿಲ್ಲ, ಅವನಿಗೆ ನಿಜವಾಗಿಯೂ ಹಾಗೆ ಅನ್ನಿಸಿತ್ತು. ಹಣ ಕೊಟ್ಟವರ ಅನುಭವದ ಮಾತನ್ನು ಮಾತ್ರ ನಂಬಿ ಭಾಗಗಳನ್ನು ಕೊಳ್ಳಬೇಡಿ ಎಂದು ನಾನು ಒತ್ತಿ ಹೇಳುವುದು ಆ ಸಂಜೆಯ ನೆನಪಿನಿಂದ.

ರೀಮ್ಯಾಪ್ ನಿಜವಾದ ಕೆಲಸ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ನಿನಲ್ಲಿ ಅದು ಮುಟ್ಟಬಹುದಾದದ್ದು ಕಿಡಿ ಹಾರುವ ಸಮಯ, ಪೆಟ್ರೋಲಿನ ಪ್ರಮಾಣ, ಆಕ್ಸಿಲರೇಟರಿನ ಸ್ಪಂದನೆ ಇಷ್ಟನ್ನೇ. ಅಲ್ಲಿ ನೂರಕ್ಕೆ ಮೂರರಿಂದ ಐದು ಸಿಕ್ಕರೆ ಕೆಲಸ ಚೆನ್ನಾಗಿ ಆಗಿದೆ ಎಂದರ್ಥ. ಮೂರನ್ನೂ ಸೇರಿಸಿದರೆ ನಿಮ್ಮ ಕಾರಿಗೆ ನಾನು ನಿರೀಕ್ಷಿಸುವುದು ನಾಲ್ಕರಿಂದ ಏಳು ಅಶ್ವಶಕ್ತಿ. ಹದಿನೈದು ಎಂದವರು ಅದನ್ನು ಕಾಗದದ ಮೇಲೆ ತೋರಿಸಲಿ: ಅದೇ ಡೈನೊ, ಅದೇ ದಿನ, ಅದೇ ಗೇರ್, ಮೊದಲೊಂದು ಅಳತೆ, ಆಮೇಲೊಂದು ಅಳತೆ. ಕಂಪನಿಯ ಪುಸ್ತಕದಲ್ಲಿರುವ 82ರ ಜೊತೆ ಡೈನೊ ಅಂಕಿಯನ್ನು ಹೋಲಿಸುವುದು ಸಲ್ಲದು. ಪುಸ್ತಕದ ಅಂಕಿ ಎಂಜಿನ್ನಿನ ತುದಿಯಲ್ಲಿ ಅಳೆದದ್ದು. ಚಕ್ರದ ಬಳಿ ಬರುವಷ್ಟರಲ್ಲಿ ಗೇರ್‌ಬಾಕ್ಸು, ಬೇರಿಂಗು, ಟೈರುಗಳು ಸುಮಾರು ನೂರಕ್ಕೆ ಹದಿನೈದರಷ್ಟನ್ನು ತಿಂದಿರುತ್ತವೆ. ಆ ನಷ್ಟವನ್ನು ಎಷ್ಟೆಂದು ಊಹಿಸಿ ಮರಳಿ ಸೇರಿಸುತ್ತಾರೆ ಎಂಬುದರ ಮೇಲೆ ಅಂತಿಮ ಅಂಕಿ ಹಿಗ್ಗುತ್ತದೆ, ಕುಗ್ಗುತ್ತದೆ.

ಇಲ್ಲಿ ಇನ್ನೊಂದು ವಸ್ತುವಿನ ಬಗ್ಗೆ ಎಚ್ಚರಿಸುತ್ತೇನೆ. ಆಕ್ಸಿಲರೇಟರ್ ಪೆಡಲಿಗೆ ಜೋಡಿಸುವ ಸಣ್ಣ ಡಬ್ಬಿಗಳು ಬರುತ್ತವೆ. ನೀವು ಕಾಲು ಭಾಗ ತುಳಿದರೆ ಅವು ಎಂಜಿನ್ನಿಗೆ ಅರ್ಧ ತುಳಿದಿದ್ದಾರೆ ಎಂದು ತಿಳಿಸುತ್ತವೆ. ಕಾರು ಚುರುಕಾದಂತೆ ತೋರುತ್ತದೆ. ಪೂರ್ತಿ ತುಳಿದಾಗ ಸಿಗುವ ಶಕ್ತಿ ಮಾತ್ರ ಮೊದಲು ಎಷ್ಟಿತ್ತೋ ಅಷ್ಟೇ. ಹಾಗೆಯೇ ಸಿಗರೇಟ್ ಲೈಟರಿನ ಸಾಕೆಟ್ಟಿಗೋ ಪೆಟ್ರೋಲ್ ಕೊಳವೆಗೋ ಸಿಕ್ಕಿಸಿದರೆ ಶಕ್ತಿ, ಮೈಲೇಜ್ ಎರಡೂ ಏರುತ್ತವೆ ಎನ್ನುವ ಸಾಧನಗಳು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಧನ ಉಳಿಸುತ್ತವೆ ಎಂದು ಹೇಳಿಕೊಂಡ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿತ್ತು. ಬೆರಳೆಣಿಕೆಯ ಕೆಲವು ಮಾತ್ರ ಏನೋ ಅಲ್ಪ ಪ್ರಯೋಜನ ತೋರಿಸಿದವು.

ಭಾಗ ಯಾವುದೇ ಇರಲಿ, ಹಾಕಿಸುವ ಮೊದಲು ನಿಮ್ಮ ಕಾರನ್ನು ನೀವೇ ಅಳೆಯಿರಿ. ಡೈನೊ ಬೇಕಿಲ್ಲ. ಸಂಚಾರವಿಲ್ಲದ, ಅನುಮತಿಯಿರುವ, ಸಮತಟ್ಟಾದ ಜಾಗದಲ್ಲಿ, ಪಕ್ಕದಲ್ಲಿ ಕೂತವರು ಮೊಬೈಲಿನಲ್ಲಿ ಸ್ಪೀಡೋಮೀಟರಿನ ವಿಡಿಯೊ ಮಾಡಲಿ. ಒಂದೇ ಗೇರ್‌ನಲ್ಲಿ 60ರಿಂದ 100ಕ್ಕೆ ಏರಲು ಎಷ್ಟು ಸೆಕೆಂಡು ಎಂಬುದನ್ನು ಆಮೇಲೆ ವಿಡಿಯೊ ನೋಡಿ ಗುರುತು ಹಾಕಿಕೊಳ್ಳಿ. ಹೋಗುವಾಗ ಮೂರು ಸಲ, ಬರುವಾಗ ಮೂರು ಸಲ, ಆಗ ಗಾಳಿ ಮತ್ತು ಇಳಿಜಾರಿನ ಪ್ರಭಾವ ಬಹುಮಟ್ಟಿಗೆ ಕಳೆಯುತ್ತದೆ. ಜನ ಸೇರಿ 1,200 ಕಿಲೋ ತೂಗುವ ಕಾರಿಗೆ ಇದಕ್ಕೆ 9 ಸೆಕೆಂಡು ಬೇಕು ಎಂದುಕೊಳ್ಳೋಣ. ಶಕ್ತಿ ನೂರಕ್ಕೆ ಐದು ಹೆಚ್ಚಿದರೆ ಅದು ಸುಮಾರು ಎಂಟೂವರೆ ಸೆಕೆಂಡಿಗೆ ಇಳಿಯುತ್ತದೆ. ನೀವು ಕೊಡಲಿರುವ ಅಷ್ಟೂ ಹಣಕ್ಕೆ ಸಿಗುವ ವಸ್ತು ಆ ಅರ್ಧ ಸೆಕೆಂಡು. ಅದನ್ನು ಎದುರಿಗಿಟ್ಟುಕೊಂಡು ಬೆಲೆ ಕಟ್ಟಿ. ಗರಿಷ್ಠ ವೇಗದ ಆಸೆಯಿದ್ದರೆ ಲೆಕ್ಕ ಇನ್ನೂ ಕಠಿಣ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತದೆ, ಹಾಗಾಗಿ ನೂರಕ್ಕೆ ಇಪ್ಪತ್ತು ಶಕ್ತಿ ಹೆಚ್ಚಿಸಿದರೂ ವೇಗ ನೂರಕ್ಕೆ ಆರರಷ್ಟು ಮಾತ್ರ ಹೆಚ್ಚುತ್ತದೆ.

ಟರ್ಬೊ ಇರುವ ಕಾರಾಗಿದ್ದರೆ ನನ್ನ ಉತ್ತರ ಬೇರೆಯೇ ಆಗುತ್ತಿತ್ತು. ಅಲ್ಲಿ ಗಾಳಿಯನ್ನು ತಳ್ಳುವ ಪಂಪ್ ಇದೆ, ಅದರ ಒತ್ತಡವನ್ನು ಕಂಪ್ಯೂಟರ್ ನಿಯಂತ್ರಿಸುತ್ತದೆ. ಒತ್ತಡವನ್ನು ಸ್ವಲ್ಪ ಏರಿಸಿದರೂ ನೂರಕ್ಕೆ 20ರಿಂದ 30 ಹೆಚ್ಚು ಟಾರ್ಕ್ ಬರುತ್ತದೆ. ಮೇಲಿನ 9 ಸೆಕೆಂಡು 7ರ ಆಸುಪಾಸಿಗೆ ಇಳಿಯುತ್ತದೆ, ಅದು ಯಾರ ಬೆನ್ನಿಗಾದರೂ ತಿಳಿಯುವ ವ್ಯತ್ಯಾಸ. ಕೊಟ್ಟ ಹಣಕ್ಕೆ ಶಕ್ತಿ ಎಂದು ನೋಡಿದರೆ ಟರ್ಬೊ ಎಂಜಿನ್ನಿನ ಒಳ್ಳೆಯ ರೀಮ್ಯಾಪಿಗೆ ಸಮನಾದದ್ದು ಬೇರೊಂದಿಲ್ಲ.

ಆದರೆ ಅಲ್ಲಿಯೇ ಎರಡನೇ ಖರ್ಚಿನ ಬಿಲ್ ಹುಟ್ಟುವುದು. ಎಂಜಿನ್ನಿನಿಂದ ರಸ್ತೆಯವರೆಗೆ ಒಂದು ಸರಪಳಿಯಿದೆ: ಕ್ಲಚ್, ಗೇರ್‌ಬಾಕ್ಸ್, ಡ್ರೈವ್ ಶಾಫ್ಟ್, ಟೈರ್. ಒಂದು ಕೊಂಡಿಯನ್ನು ಬಲಪಡಿಸಿದರೆ ಎಳೆತವೆಲ್ಲ ಮುಂದಿನ ಕೊಂಡಿಯ ಮೇಲೆ ಬೀಳುತ್ತದೆ. ಫೋಕ್ಸ್‌ವ್ಯಾಗನ್ ಬಳಗದ ಸಣ್ಣ ಕಾರುಗಳಲ್ಲಿ ಬರುವ ಒಣ ಕ್ಲಚ್ಚಿನ, ಏಳು ಗೇರಿನ, ಡಿಎಸ್‌ಜಿ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸನ್ನೇ ನೋಡಿ. ಅದು ತಾಳುವ ಮಿತಿ 250 ನ್ಯೂಟನ್ ಮೀಟರ್. ಅದರೊಂದಿಗೆ ಬರುವ ಎಂಜಿನ್ನುಗಳಲ್ಲಿ ಕೆಲವು ಕಾರ್ಖಾನೆಯಿಂದಲೇ ಆ ಮಿತಿಯನ್ನು ಮುಟ್ಟಿರುತ್ತವೆ. ಅಂಥ ಕಾರಿಗೆ ರೀಮ್ಯಾಪ್ ಮಾಡಿ 300 ಹತ್ತಿಸಿದರೆ ಶಕ್ತಿಯನ್ನೇನೋ ಕೊಂಡಂತಾಯಿತು, ಗೇರ್‌ಬಾಕ್ಸಿನ ಆಯುಷ್ಯವನ್ನು ಮಾರಿದಂತೆಯೂ ಆಯಿತು.

ಪರಿಚಯದವರೊಬ್ಬರ ಟರ್ಬೊ ಡೀಸೆಲ್ ಕಾರು ಹೀಗೆಯೇ ನನ್ನ ಬಳಿಗೆ ಬಂತು. ರೀಮ್ಯಾಪ್ ಆಗಿ ಐದು ತಿಂಗಳಾಗಿತ್ತು. ಪಕ್ಕದಲ್ಲಿ ಕೂತು, ನಾಲ್ಕನೇ ಗೇರ್‌ನಲ್ಲಿ ಏರಿನ ಮೇಲೆ ಪೂರ್ತಿ ತುಳಿಯಿರಿ ಎಂದೆ. ಸುತ್ತು ತೋರಿಸುವ ಮುಳ್ಳು 2,000ದಿಂದ 3,000ಕ್ಕೆ ಚಿಮ್ಮಿತು. ವೇಗದ ಮುಳ್ಳು ಇದ್ದಲ್ಲೇ ಇತ್ತು. ಸುಟ್ಟ ವಾಸನೆ ಕಾರಿನೊಳಗೆ ಬಂತು. ಕ್ಲಚ್ ಜಾರುತ್ತಿತ್ತು. ಹೊಸ ಕ್ಲಚ್ಚಿನ ಜೊತೆ ಫ್ಲೈವೀಲನ್ನೂ ಬದಲಿಸಬೇಕಾಯಿತು, ಆ ಖರ್ಚು ರೀಮ್ಯಾಪಿನ ಎರಡು ಪಟ್ಟು ಮೀರಿತು. ರೀಮ್ಯಾಪ್ ಮಾಡಿದವರು ಕೆಲಸ ಕೆಟ್ಟದಾಗಿ ಮಾಡಿರಲಿಲ್ಲ. ಆದರೆ 90,000 ಕಿ.ಮೀ. ಸವೆದ ಕ್ಲಚ್ ಈ ಹೊರೆ ತಾಳದು ಎಂದು ಮೊದಲೇ ಹೇಳಬೇಕಿತ್ತು, ಹೇಳಿರಲಿಲ್ಲ. ಯಾರೇ ಆಗಲಿ ನಿಮ್ಮ ಕಾರನ್ನು ಓಡಿಸಿ ನೋಡದೆ, ಸ್ಪಾರ್ಕ್ ಪ್ಲಗ್ ತೆಗೆದು ನೋಡದೆ, ಎಂಜಿನ್ನಿನ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಅಳೆಯದೆ ನೇರವಾಗಿ ಲ್ಯಾಪ್‌ಟಾಪ್ ಸಿಕ್ಕಿಸಲು ಹೊರಟರೆ ಅಲ್ಲಿಂದ ಎದ್ದು ಬನ್ನಿ.

ಪೆಟ್ರೋಲ್ ಟರ್ಬೊಗಳಲ್ಲಿ ಇನ್ನೊಂದು ಅಪಾಯ ನಾಕಿಂಗ್. ಕಿಡಿಯಿಂದ ಹೊತ್ತಿದ ಜ್ವಾಲೆ ತಲುಪುವ ಮೊದಲೇ ಮೂಲೆಯಲ್ಲಿದ್ದ ಮಿಶ್ರಣ ತಾನೇ ಸಿಡಿಯುತ್ತದೆ. ತಗಡಿನ ಡಬ್ಬಿಯಲ್ಲಿ ಸಣ್ಣ ಹರಳುಗಳನ್ನು ಹಾಕಿ ಅಲ್ಲಾಡಿಸಿದಂಥ ಸದ್ದು ಕೇಳಿಸುತ್ತದೆ. ಹೆಚ್ಚು ಒತ್ತಡಕ್ಕೆ ಹೆಚ್ಚು ಆಕ್ಟೇನಿನ, ಅಂದರೆ ಹೀಗೆ ತಾನೇ ಸಿಡಿಯುವುದನ್ನು ಹೆಚ್ಚು ತಡೆಯುವ, ಪೆಟ್ರೋಲ್ ಬೇಕಾಗುವುದು ಇದಕ್ಕೇ. 95 ಆಕ್ಟೇನಿಗೆ ಬರೆದ ಮ್ಯಾಪಿನ ಮೇಲೆ 91 ಹಾಕಿ ಓಡಿಸಿದರೆ ಪಿಸ್ಟನ್ನಿನ ಮೇಲೆ ಪೆಟ್ಟು ಬೀಳುತ್ತಲೇ ಇರುತ್ತದೆ. ಆದ್ದರಿಂದ ರೀಮ್ಯಾಪಿನ ಬೆಲೆಗೆ, ಕಾರು ಇರುವಷ್ಟು ಕಾಲ ಹಾಕಬೇಕಾದ ದುಬಾರಿ ಪೆಟ್ರೋಲಿನ ವ್ಯತ್ಯಾಸವನ್ನೂ ಸೇರಿಸಿ. ನಿಮ್ಮ ಈಗಿನ ಎಂಜಿನ್ನಿಗೆ ಇದು ಅನ್ವಯಿಸದು. ಕಡಿಮೆ ಆಕ್ಟೇನಿಗೆಂದು ಕಟ್ಟಿದ ಎಂಜಿನ್ನಿಗೆ ಹೆಚ್ಚು ಆಕ್ಟೇನಿನದು ಸುರಿದರೆ ಶಕ್ತಿಯೇನೂ ಬರುವುದಿಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ನಿಜವಾಗಿ ಕಳವಳಕ್ಕೀಡುಮಾಡಿದ್ದು ಕೊನೆಯಲ್ಲಿ ಸುಮ್ಮನೆ ಸೇರಿಸಿದ ಮಾತು: ಟೈರ್‌ಗಳು ಕಾರಿನ ಜೊತೆ ಬಂದವೇ. ಎಂಜಿನ್, ಬ್ರೇಕ್, ಸ್ಟಿಯರಿಂಗ್ ಎಲ್ಲವೂ ರಸ್ತೆಯನ್ನು ಮುಟ್ಟುವುದು ಅಂಗೈಯಷ್ಟು ಅಗಲದ ನಾಲ್ಕು ರಬ್ಬರ್ ತುಂಡುಗಳ ಮೂಲಕ. ಇವತ್ತೇ ಕೆಳಗೆ ಬಗ್ಗಿ ಟೈರಿನ ಪಕ್ಕವನ್ನು ನೋಡಿ. ಡಾಟ್ (DOT) ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಆಮೇಲೆ ಟಾರ್ಚ್ ಹಿಡಿದು, ಪಟ್ಟಿಗಳ ನಡುವಿನ ಸಂದಿಯಲ್ಲಿ ಮತ್ತು ಪಕ್ಕದ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕುಗಳಿವೆಯೇ ನೋಡಿ. ರಬ್ಬರ್ ಸವೆಯದಿದ್ದರೂ ವಯಸ್ಸಿನಿಂದ ಗಟ್ಟಿಯಾಗುತ್ತದೆ, ಗಟ್ಟಿಯಾದ ರಬ್ಬರ್ ಒದ್ದೆ ರಸ್ತೆಯನ್ನು ಹಿಡಿಯುವುದಿಲ್ಲ. 60,000 ಕಿ.ಮೀ. ಓಡಿದ ಟೈರುಗಳ ಮೇಲೆ ಕುಟುಂಬವನ್ನು ಕೂರಿಸಿಕೊಂಡು ಲಾರಿ ಹಿಂದಿಕ್ಕುವ ಯೋಚನೆಯೇ ನನಗೆ ಹಿಡಿಸುವುದಿಲ್ಲ. ಮೊದಲು ಅವನ್ನು ಬದಲಿಸಿ. ಹೊಸದು ಹಾಕುವಾಗ ಅದೇ ಅಳತೆಯಲ್ಲಿ, ಒದ್ದೆ ನೆಲದ ಹಿಡಿತಕ್ಕೆ ಒಳ್ಳೆಯ ಶ್ರೇಣಿ ಪಡೆದ ಟೈರ್ ಆರಿಸಿಕೊಳ್ಳಿ.

ಬ್ರೇಕ್ ಆಯಿಲನ್ನು ಕೊನೆಯ ಸಲ ಬದಲಿಸಿದ್ದು ಯಾವಾಗ? ಅದು ನಿಧಾನವಾಗಿ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ತೇವ ಹೀರಿದ ಸ್ಥಿತಿಗೆ ನಿಗದಿಯಾದ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಕಾದು ದ್ರವ ಕುದಿದರೆ ಪೆಡಲ್ ಸ್ಪಂಜಿನಂತೆ ಒಳಗೆ ಹೋಗುತ್ತದೆ. ಶಕ್ತಿ ಹೆಚ್ಚಿಸುವ ಮೊದಲು ನಿಲ್ಲಿಸುವುದನ್ನು ನೋಡಿಕೊಳ್ಳಿ ಎಂದು ಹಳೆಯ ಮೆಕ್ಯಾನಿಕ್‌ಗಳು ಹೇಳುವುದಕ್ಕೆ ಗಟ್ಟಿ ಕಾರಣವಿದೆ: 80ರಿಂದ 100ಕ್ಕೆ ಏರಿದರೆ ವೇಗ ಕಾಲು ಭಾಗ ಹೆಚ್ಚಿದಂತೆ, ಆದರೆ ಬ್ರೇಕು ನುಂಗಬೇಕಾದ ಶಕ್ತಿ ನೂರಕ್ಕೆ 56 ಹೆಚ್ಚುತ್ತದೆ. ಟೈರ್, ಬ್ರೇಕ್ ಆಯಿಲ್, ಹೊಸ ಪ್ಯಾಡ್, ಸ್ಪಾರ್ಕ್ ಪ್ಲಗ್, ಚೊಕ್ಕಟವಾದ ಕಾಗದದ ಫಿಲ್ಟರ್, ಚಕ್ರಗಳ ಅಲೈನ್‌ಮೆಂಟ್, ಶಾಕ್ ಅಬ್ಸಾರ್ಬರ್ ಸೋರುತ್ತಿದ್ದರೆ ಅವೂ. ನೀವು ತೆಗೆದಿಟ್ಟ ಹಣದಲ್ಲಿ ಇವೆಲ್ಲ ಮುಗಿದು ಇನ್ನೂ ಉಳಿಯುವ ಸಂಭವವೇ ಹೆಚ್ಚು. ಕಾರು ಕೊಂಡ ದಿನದ ಹಾಗೆ ಓಡುತ್ತದೆ. ಎಷ್ಟೋ ಜನ ಕಾರು ಸುಸ್ತಾದದ್ದನ್ನೇ ಕಾರಿನ ಶಕ್ತಿ ಸಾಲದು ಎಂದು ತಪ್ಪಾಗಿ ತಿಳಿದಿರುತ್ತಾರೆ.

ನಾಳೆ ಅದೇ ಅಂಗಡಿಯವರು ಅಗಲವಾದ 17 ಇಂಚಿನ ಚಕ್ರಗಳನ್ನೂ ತಗ್ಗಿಸುವ ಸ್ಪ್ರಿಂಗುಗಳನ್ನೂ ತೋರಿಸಬಹುದು. ನನ್ನ ಮೊದಲ ಕಾರಿಗೆ ಎರಡನ್ನೂ ಹಾಕಿಸಿದ್ದೆ. ಪ್ರತಿ ಚಕ್ರ ಮೊದಲಿಗಿಂತ ಮೂರು ಕಿಲೋ ಭಾರವಿತ್ತು, ಭಾರ ಚಕ್ರದ ಹೊರಅಂಚಿಗೆ ಸರಿದಿತ್ತು. ಕಾರಿನ ಪಿಕಪ್ ಇಳಿಯಿತು. ಸ್ಪ್ರಿಂಗ್ ಗಿಡ್ಡವಾದ್ದರಿಂದ ಸಣ್ಣ ಗುಂಡಿಗೂ ಸಸ್ಪೆನ್ಷನ್ ತಳ ಮುಟ್ಟಿ ಢಬ್ ಎನ್ನುತ್ತಿತ್ತು. ಒಂದು ಮಳೆಯ ರಾತ್ರಿ ಉಬ್ಬುತಗ್ಗಿನ ತಿರುವಿನಲ್ಲಿ ಹಿಂದಿನ ಚಕ್ರ ನೆಲ ಬಿಟ್ಟು ಕಾರು ಅಡ್ಡಕ್ಕೆ ಸರಿಯಿತು. ಪಕ್ಕದಲ್ಲಿ ಅಮ್ಮ ಕೂತಿದ್ದರು. ಮರುವಾರ ಹಳೆಯ ಸ್ಪ್ರಿಂಗ್ ಹಾಕಿಸಿದೆ.

ಕಾಗದಪತ್ರದ ವಿಷಯ ಚಿಕ್ಕದಾಗಿ: ಬದಲಾವಣೆ ನಿಮ್ಮಲ್ಲಿನ ಕಾನೂನಿಗೆ ಒಪ್ಪಿಗೆಯೇ ಎಂದು ಮೊದಲು ಕೇಳಿ. ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ, ತಿಳಿಸದೆ ಇದ್ದರೆ ಅಪಘಾತದ ದಿನ ಪರಿಹಾರ ನಿರಾಕರಿಸಲು ಅವರಿಗೆ ಕಾರಣ ಸಿಕ್ಕಂತಾಗುತ್ತದೆ. ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ತೆಗೆಯುವ ಮಾತು ಬಂದರೆ ಖಡಾಖಂಡಿತವಾಗಿ ಬೇಡ ಎನ್ನಿ. ಆ ವಿಷಗಾಳಿ ನಿಮ್ಮ ಹಿಂದೆ ಬರುವವರ ಎದೆಗೆ ಹೋಗುತ್ತದೆ.

ಹಾಕಿದ ಹಣ ಮಾರುವಾಗ ಮರಳುವುದಿಲ್ಲ. ಕೊಳ್ಳುವವರು ಮಾರ್ಪಡಿಸಿದ ಕಾರನ್ನು ಅನುಮಾನದಿಂದಲೇ ನೋಡುತ್ತಾರೆ, ಬೆಲೆ ಇಳಿಸಿ ಕೇಳುತ್ತಾರೆ. ಹಾಗಾಗಿ ಇದನ್ನು ಹೂಡಿಕೆ ಎಂದು ಎಣಿಸದೆ, ಖರ್ಚಾಗಿ ಹೋದ ಹಣ ಎಂದೇ ಎಣಿಸಿ. ಯಂತ್ರವನ್ನು ಪ್ರೀತಿಸಿ, ಅದರ ಸದ್ದಿಗಾಗಿ, ರವಿವಾರ ಬೆಳಿಗ್ಗೆ ಕೈಗೆ ಗ್ರೀಸ್ ಹತ್ತಿಸಿಕೊಳ್ಳುವ ಸುಖಕ್ಕಾಗಿ ಹಣ ಹಾಕುವವರನ್ನು ನಾನು ಗೌರವಿಸುತ್ತೇನೆ, ಅವರಲ್ಲಿ ನಾನೂ ಒಬ್ಬ. ಆದರೆ ನೀವು ಕೇಳಿದ್ದು ಆ ಸುಖವನ್ನಲ್ಲ, ಸುರಕ್ಷಿತವಾಗಿ ಲಾರಿ ಹಿಂದಿಕ್ಕುವುದನ್ನು. ಮೇಲೆ ಹೇಳಿದ ರಿಪೇರಿ ಮುಗಿಸಿ, ಗೇರ್ ಇಳಿಸುವುದನ್ನು ಎರಡು ತಿಂಗಳು ರೂಢಿಸಿಕೊಂಡು, ಅನುಭವಿ ಚಾಲಕರ ಬಳಿ ಒಂದು ದಿನದ ತರಬೇತಿ ಪಡೆದ ಮೇಲೂ ಕಾರು ಸಾಲದು ಎನಿಸಿದರೆ, ಉಳಿದ ಹಣವನ್ನು ಈ ಕಾರು ಮಾರಿದ ಹಣಕ್ಕೆ ಸೇರಿಸಿ ಕಾರ್ಖಾನೆಯಲ್ಲೇ ಟರ್ಬೊ ಹಾಕಿ ಬಂದ ಕಾರೊಂದನ್ನು ನೋಡಿ. ಅದರಲ್ಲಿ ಶಕ್ತಿಗೆ ತಕ್ಕ ಕ್ಲಚ್, ಬ್ರೇಕ್, ರೇಡಿಯೇಟರ್ ಎಲ್ಲವೂ ಮೊದಲೇ ಇರುತ್ತವೆ, ವಾರಂಟಿ ಸಮೇತ.

ಹಳೆಯ ಭಾಗಗಳ ರಿಯಾಯಿತಿಯ ಬಗ್ಗೆ ಕೇಳಿದ್ದೀರಿ. ಇಷ್ಟೆಲ್ಲ ಓದಿದ ಮೇಲೂ ಮಾಡಿಸುವುದೆಂದು ನಿರ್ಧರಿಸಿದರೆ, ಒಂದು ಸ್ಕ್ರೂವನ್ನೂ ಬಿಟ್ಟುಬರಬೇಡಿ. ಫಿಲ್ಟರ್ ಡಬ್ಬಿ, ಅದರ ಕೊಳವೆ, ಸೈಲೆನ್ಸರ್ ಎಲ್ಲವನ್ನೂ ಹಳೆಯ ಬಟ್ಟೆಯಲ್ಲಿ ಸುತ್ತಿ, ತೆಗೆದ ದಿನಾಂಕ ಮತ್ತು ಆಗಿನ ಕಿಲೋಮೀಟರ್ ಬರೆದ ಚೀಟಿ ಅಂಟಿಸಿ, ಮನೆಯಲ್ಲಿಡಿ. ಕಂಪ್ಯೂಟರಿನ ಮೂಲ ಮ್ಯಾಪಿನ ಪ್ರತಿಯನ್ನು ರೀಮ್ಯಾಪಿಗೆ ಮೊದಲೇ ಪೆನ್‌ಡ್ರೈವಿನಲ್ಲಿ ತುಂಬಿಸಿಕೊಳ್ಳಿ. ಅದನ್ನು ಕೊಡಲು ಒಪ್ಪದವರ ಕೈಗೆ ಕಾರಿನ ಕೀಲಿ ಕೊಡಬೇಡಿ.